ಆಯೇರದ ಸೀರೆ ಮತ್ತು 5,000 ಲಿಂಕು

ನಮ್ಮ ಕಾಕಾನದು ಕಲಬುರಗಿಯ ನೆಹರು ಗಂಜ್‌ನಲ್ಲಿ ಬೇಳೆ ಅಂಗಡಿ. ಮೂವತ್ತು ವರ್ಷ ಹಾಯಾಗಿ ವ್ಯಾಪಾರ ಮಾಡಿದ. ಹೋದ ವರ್ಷ ಮಗನ ಮಾತು ಕೇಳಿ ವೆಬ್‌ಸೈಟ್ ಮಾಡಿಸಿದ. ಅಲ್ಲಿಗೆ ನಿದ್ದೆ ಹೋಯಿತು. ಗೂಗಲ್‌ನಲ್ಲಿ ಹುಡುಕಿದರೆ ಅಂಗಡಿ ಸಿಗುವುದು ಎಂಟನೇ ಪುಟದಲ್ಲಿ.

"ನಿಮಗ ಲಿಂಕ್ ಕಮ್ಮಿ ಅದಾವ್ರಿ ಸಾವ್ಕಾರ್ರ" ಅಂತ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಬೇರೆ ವೆಬ್‌ಸೈಟುಗಳಿಂದ ನಮ್ಮ ಸೈಟಿಗೆ ದಾರಿ ತೋರುವ 5,000 ಲಿಂಕಿಗೆ 15,000 ರೂಪಾಯಿ. ಕಾಕಾ ಬಾಯಲ್ಲೇ ಭಾಗಿಸಿ, "ಒಂದಕ್ಕ ಮೂರು ರೂಪಾಯಿ ಆತು. ಇದು ಚಿಲ್ಲರೆ ದರ, ಹೋಲ್‌ಸೇಲ್ ಹೇಳು" ಅಂದ. ಹುಡುಗನೂ ಕಮ್ಮಿ ಇಲ್ಲ. ಊರಿಗೆ ಎರಡು ಹೆಸರು ಅಲ್ವಾ? 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಆದರೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನ ಮಾಲು ಎಂಬ ಸರ್ಕಾರಿ ಗುರುತು, ಬಂದದ್ದು 'ಗುಲ್ಬರ್ಗಾ ತೊಗರಿ ಬೇಳೆ'ಗೆ. ಹಾಗಾಗಿ ಎರಡು ಹೆಸರಿಗೆ ಎರಡು ಪ್ಯಾಕೇಜ್!

ಈ ಲಿಂಕಿನ ಹುಚ್ಚು ಶುರುವಾದದ್ದು ಒಂದು ಒಳ್ಳೆಯ ಯೋಚನೆಯಿಂದ. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ, ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಪೇಜ್‌ರ್ಯಾಂಕ್ ಎಂಬ ಲೆಕ್ಕ ಮುಂದಿಟ್ಟರು. ಯಾವ ಪುಟಕ್ಕೆ ಎಷ್ಟು ಬೆಲೆ ಅಂತ ಅದಕ್ಕೆ ಬಂದ ಲಿಂಕ್ ನೋಡಿ ಹೇಳುವ ಲೆಕ್ಕ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಓಣಿಯಲ್ಲಿ ನಾಲ್ಕು ಜನರನ್ನು ಕೇಳುವುದಿಲ್ಲವೇ, ಹಾಗೇ. ಊರ ಹಿರಿಯ 'ಹುಡುಗ ಚೊಲೋ' ಅಂದರೆ ಒಂದು ತೂಕ. ಹುಡುಗನ ಜೊತೆ ಇಸ್ಪೀಟ್ ಆಡುವವ ಅಂದರೆ ಬೇರೆ ತೂಕ. ಒಂದು ವೆಬ್‌ಸೈಟ್ ಇನ್ನೊಂದಕ್ಕೆ ಕೊಡುವ ಲಿಂಕ್ ಅಂದರೆ ಇಂಥದೇ ಮಾತು. ನಮ್ಮ ಜನ ಏನು ಮಾಡಿದರು? ಚೊಲೋ ಅನ್ನಲು 5,000 ಮಂದಿಯನ್ನು ಕೂಲಿಗೆ ಹಿಡಿದರು. ಅವರಾದರೂ ಓಣಿಯವರಾ? ಹುಡುಗನ ಮುಖವನ್ನೇ ನೋಡದವರು.

ದುಡ್ಡು ಕೊಡಲಾಗದವರಿಗೆ ಅದಲುಬದಲು ಉಂಟು. ನೀನು ನನಗೆ ಲಿಂಕ್ ಕೊಡು, ನಾನು ನಿನಗೆ. ನಮ್ಮ ಮದುವೆಗಳ ಆಯೇರದ ಸೀರೆ ಥರ. ಅದನ್ನು ಯಾರೂ ಉಡುವುದಿಲ್ಲ. ಮಡಿಕೆ ಬಿಚ್ಚದೆ ಆಳಂದ, ಸೇಡಂ, ಚಿತ್ತಾಪುರ ಸುತ್ತಿ, ಆರನೇ ಮದುವೆಗೆ ಕೊಟ್ಟವರ ಮನೆಗೇ ಬರುತ್ತದೆ.

ತಿಂಗಳಾದ ಮೇಲೆ ಲ್ಯಾಪ್‌ಟಾಪ್ ಹುಡುಗ ಲಿಂಕುಗಳ ರಿಪೋರ್ಟ್ ತಂದ. ಕಾಕಾ ಖಾತೆ ಪುಸ್ತಕ ಓದುವವನು, ಒಂದೊಂದೇ ಸಾಲು ಬೆರಳಿಟ್ಟು ನೋಡಿದ. ಹದಿನೇಳನೇ ಸಾಲು, ಮನೆಯಲ್ಲಿ ಮೀನು ಸಾಕುವವರ ವೆಬ್‌ಸೈಟ್. ಅದರಲ್ಲಿ ಬೆನ್ನುನೋವಿನ ಬಗ್ಗೆ ಲೇಖನ. ಅದರ ನಡುವೆ ಈ ವಾಕ್ಯ: 'ಬೆನ್ನಿಗೆ ದಿನವೂ ನಡಿಗೆ ಒಳ್ಳೆಯದು, ಹಾಗೆಯೇ ಗುಲ್ಬರ್ಗಾದ ಉತ್ತಮ ತೊಗರಿ ಬೇಳೆ ಸಗಟು ದರದಲ್ಲಿ.'

"ಬೆನ್ನುನೋವಿಗೂ ನಮ್ಮ ಬ್ಯಾಳಿಗೂ ಏನು ಸಂಬಂಧ ತಮ್ಮಾ?"

ಹುಡುಗ ಸುಮ್ಮನಾದ. ಮೂಟೆ ಇಳಿಸುತ್ತಿದ್ದ ಹಮಾಲಿ ಮಾತ್ರ ಸೊಂಟ ಹಿಡಿದುಕೊಂಡು, "ಸಂಬಂಧ ಅದರಿ ಸಾವ್ಕಾರ್ರ" ಅಂದ. ನನಗೆ ತಿಳಿದಂತೆ ಆ 5,000ದಲ್ಲಿ ಅರ್ಥ ಇದ್ದದ್ದು ಅದೊಂದೇ ಲಿಂಕಿಗೆ.

ಗೂಗಲ್ ಏನು ಕಣ್ಣು ಮುಚ್ಚಿ ಕೂತಿಲ್ಲ. ಹುಡುಕಾಟದಲ್ಲಿ ಮೇಲೆ ಬರಲೆಂದು ದುಡ್ಡು ಕೊಟ್ಟು ಲಿಂಕ್ ಕೊಳ್ಳಬಾರದು ಅಂತ ನಿಯಮ ಇದೆ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಅಪ್‌ಡೇಟ್ ತಂದು ಇಂಥ ಸೈಟುಗಳನ್ನು ಕೆಳಗೆ ತಳ್ಳಿತು. 2016ರಿಂದ ಜಾಸ್ತಿ ಸಲ ಬಯ್ಯುವುದೂ ಇಲ್ಲ, ಆ ಲಿಂಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ಇನ್ನೂ ಕೆಟ್ಟದ್ದು. ಬೈದರೆ ದುಡ್ಡು ಎಲ್ಲಿ ಹೋಯಿತು ಅಂತಾದರೂ ಗೊತ್ತಾಗುತ್ತಿತ್ತು. ದುಡ್ಡಿನ ಲಿಂಕೇ ಆದರೆ 'ಸ್ಪಾನ್ಸರ್ಡ್' ಅಂತ ಗುರುತು ಹಾಕಿ ಅಂತ 2019ರಲ್ಲಿ ದಾರಿಯನ್ನೂ ತೋರಿಸಿತು. ಸಾಕ್ಷಿ ಹೇಳಲು ಬಂದವನ ಹಣೆಗೆ ಕೂಲಿ ಚೀಟಿ ಅಂಟಿಸಿದ ಹಾಗೆ. ಯಾರು ಅಂಟಿಸಿಕೊಳ್ಳುತ್ತಾರೆ?

ಇಷ್ಟೆಲ್ಲ ಆಗಿ, ಕಾಕಾನ ಸೈಟಿನಲ್ಲಿ ಬೇಳೆಯ ದರ ಇರಲಿಲ್ಲ. ಅಂಗಡಿಯ ಫೋನ್ ನಂಬರ್ ಇರಲಿಲ್ಲ. ತೊಗರಿ ಯಾವ ತಾಲ್ಲೂಕಿನದು, ಬೇಯಲು ಎಷ್ಟು ಹೊತ್ತು, ಒಂದು ಮಾತೂ ಇಲ್ಲ. ಇದ್ದದ್ದು 'ವೆಲ್‌ಕಮ್' ಮತ್ತು ಯಾವುದೋ ದೇಶದ ರಾಜ್ಮಾ ಕಾಳಿನ ಫೋಟೋ. ಫೋನ್ ನಂಬರ್ ಹಾಕಿಸಿದ್ದು ನಾನೇ, ಮೊನ್ನೆ.

ನಿನ್ನೆ ಮೊದಲ ಫೋನ್ ಬಂತು. ಕಾಕಾ ಗಲ್ಲಾದಿಂದ ಎದ್ದು ನಿಂತೇ ಮಾತಾಡಿದ.

"ಮೀನಿಗೆ ಹಾಕೋ ಆಹಾರ ಇದೆಯಾ ಸಾರ್?"

"ಇಲ್ರಿ. ಬ್ಯಾಳಿ ಅದ. ತಿಂತಾವೇನು ಒಂದ್ಸಲ ಹಾಕಿ ನೋಡ್ರಿ."