ಮುಂದೆ ತುಳಸಿ, ಹಿಂದೆ ನಕ್ಷತ್ರ

ನೆಲ ಒರೆಸುವ ದ್ರಾವಣದ ಬಾಟಲಿ ನೋಡಿದ್ದೀರಾ? ಮುಂದುಗಡೆ ತುಳಸಿ, ಬೇವು, ಮಜ್ಜಿಗೆ ಹುಲ್ಲು ನಳನಳಿಸುತ್ತಿರುತ್ತವೆ. ಹಿಂದಕ್ಕೆ ತಿರುಗಿಸಿ, ಕನ್ನಡಕ ಹಾಕಿಕೊಂಡು ಓದಿ. ಎಷ್ಟೋ ಬಾಟಲಿಗಳಲ್ಲಿ ಸಿಗುವ ಹೆಸರು ಬೆಂಜಾಲ್ಕೋನಿಯಂ ಕ್ಲೋರೈಡ್. ಕ್ರಿಮಿ ಕೊಲ್ಲುವ ಕೂಲಿ ಕೆಲಸ ಅದರದ್ದು. ತುಳಸಿ ಬಂದಿರುವುದು, ಗುದ್ದಲಿಪೂಜೆಗೆ ಶಾಸಕರು ಬಂದ ಹಾಗೆ, ಫೋಟೊಗೆ.

ಇನ್ನು ‘ಶೇ. 99.9 ಕ್ರಿಮಿಗಳ ನಾಶ’ ಎನ್ನುವ ಸಾಲು. ಅದರ ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಅದನ್ನು ಹಿಂಬಾಲಿಸಿದರೆ ಬಾಟಲಿಯ ತಳದಲ್ಲಿ ಉತ್ತರ: ‘ಪ್ರಯೋಗಾಲಯದಲ್ಲಿ, ಆಯ್ದ ಸೂಕ್ಷ್ಮಜೀವಿಗಳ ಮೇಲೆ’. ನಿಮ್ಮ ಬಚ್ಚಲಿನ ಜೀವಿಗಳು ಆಯ್ಕೆಯಾಗಿದ್ದವಾ, ಯಾರಿಗೆ ಗೊತ್ತು! ಆಯ್ತು, ನಂಬೋಣ. 10 ಲಕ್ಷ ಬ್ಯಾಕ್ಟೀರಿಯಾದಲ್ಲಿ ಉಳಿದದ್ದು 1,000. ಇ-ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಊಟ, ತೇವ, ಶಾಖ ಸರಿಯಾಗಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. 3 ಗಂಟೆ 20 ನಿಮಿಷದಲ್ಲಿ ಮತ್ತೆ 10 ಲಕ್ಷ. ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಚುಕ್ತಾ.

ಹಾಗಂತ ಗಿಡದ ಎಣ್ಣೆಗಳೆಲ್ಲ ಸುಳ್ಳಾ? ಅಲ್ಲ. ಲವಂಗದೆಣ್ಣೆಯ ಯೂಜಿನಾಲ್ ಅನ್ನು ಹಲ್ಲಿನ ಡಾಕ್ಟರು ಇವತ್ತಿಗೂ ಸತುವಿನ ಆಕ್ಸೈಡ್ ಪುಡಿ ಜೊತೆ ಕಲಸಿ ಹಲ್ಲಿನ ತೂತಿಗೆ ಮೆತ್ತುತ್ತಾರೆ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಓಮದ ಕಾಳು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಅದರಿಂದ ಥೈಮಾಲ್ ತೆಗೆಯುತ್ತಿದ್ದರು. ಕೊಕ್ಕೆಹುಳು ಬಿದ್ದವರಿಗೆ ಆಗ ಅದೇ ಮದ್ದು. ಇನ್ನು ನಮ್ಮ ಹೆಮ್ಮೆಯ ಗಂಧದೆಣ್ಣೆ. ಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಹೊರಟಿತು. ಆ ಕಾಲದ ಯುರೋಪಿನ ವೈದ್ಯರು ಈ ಎಣ್ಣೆಯನ್ನು ಕ್ಯಾಪ್ಸೂಲಿಗೆ ತುಂಬಿ ಗೊನೋರಿಯಾ ಎಂಬ ಲೈಂಗಿಕ ರೋಗ ತಗುಲಿದವರಿಗೆ ನುಂಗಿಸುತ್ತಿದ್ದರು. ಪೂಜೆಗೆ ಕೂತಾಗ ಇದನ್ನು ನೆನೆಸಿಕೊಳ್ಳಬೇಡಿ. ಪೆನ್ಸಿಲಿನ್ ಬಂತು, ಗಂಧದೆಣ್ಣೆ ಡಾಕ್ಟರಿಕೆ ಬಿಟ್ಟು ಸೋಪು, ಅತ್ತರಿನ ಕೆಲಸಕ್ಕೆ ಮರಳಿತು. ಯಾರಿಗೂ ಬೇಜಾರಾಗಲಿಲ್ಲ, ರೋಗಿಗಂತೂ ಮೊದಲೇ ಇಲ್ಲ.

ಈಗ ಅದನ್ನೆಲ್ಲ ಮತ್ತೆ ಡಾಕ್ಟರಿಕೆಗೆ ಕರೆತರುವ ಸಂಭ್ರಮ. ಸಾಕ್ಷಿ ಏನು? ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಎಣ್ಣೆಯಲ್ಲಿ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆ ಇಡುತ್ತಾರೆ. ಸುತ್ತ ಎಷ್ಟಗಲ ಬೋಳಾಯಿತು ಎಂದು ಸ್ಕೇಲಿನಲ್ಲಿ ಅಳೆಯುತ್ತಾರೆ. ಒಳ್ಳೆಯ ಪ್ರಯೋಗವೇ. ಶೋಧನೆ ಅಲ್ಲಿಂದ ಶುರುವಾಗಬೇಕು. ನಮ್ಮಲ್ಲಿ ಅಲ್ಲಿಂದ ಶುರುವಾಗುವುದು ಮಾರಾಟ. ತಟ್ಟೆಯಲ್ಲಿ ಅಪ್ಪಟ ಎಣ್ಣೆ ಮಾಡಿದ ಕೆಲಸವನ್ನು, ನಡುಮನೆಯ ಮೂಲೆಯಲ್ಲಿ ಪರಿಮಳ ಹರಡುವ ಡಿಫ್ಯೂಸರ್ ಯಂತ್ರ ಒಂದು ಲೋಟ ನೀರಿಗೆ ಐದು ಹನಿ ಹಾಕಿಸಿಕೊಂಡು ಇಡೀ ಮನೆಗೆ ಮಾಡಿಕೊಡಬೇಕು!

ರೋಗ ವಾಸಿಯಾಗುತ್ತೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಮಾಂತ್ರಿಕ ಮದ್ದುಗಳ ಜಾಹೀರಾತಿಗೆ ಕಡಿವಾಣ ಹಾಕುವ 1954ರ ಕಾಯ್ದೆ ಇದೆಯಲ್ಲ. ಅದಕ್ಕೇ ‘ನೆರವಾಗಬಹುದು’, ‘ಬೆಂಬಲಿಸುತ್ತದೆ’. ಎಣ್ಣೆ ನಮ್ಮನ್ನು ಹೊರಗಿನಿಂದ ಬೆಂಬಲಿಸುತ್ತದೆ, ಸರ್ಕಾರ ಸೇರುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ‘ಕೆಮಿಕಲ್ ಇಲ್ಲ’ ಎನ್ನುವ ಸಾಲು. ಥೈಮಾಲ್, ಯೂಜಿನಾಲ್, ನೀಲಗಿರಿಯ ಸಿನಿಯೋಲ್ ಮತ್ತೇನು, ಪಂಚಾಮೃತವೇ? ಕೀಟ, ಬೂಸ್ಟು ಹತ್ತಿರ ಸುಳಿಯದಿರಲಿ ಎಂದು ಗಿಡ ತಯಾರಿಸಿಕೊಂಡ ವಿಷ ಅದು. ನೀಲಗಿರಿ ಮತ್ತು ಕರ್ಪೂರದ ಎಣ್ಣೆಯಿಂದ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ನರರೋಗ ತಜ್ಞರೇ ಬರೆದಿದ್ದಾರೆ. ಮಗು ನೀಲಗಿರಿ ಎಣ್ಣೆಯನ್ನು ಸ್ವಲ್ಪವೇ ಕುಡಿದರೂ ಆಸ್ಪತ್ರೆಗೆ ಓಡಬೇಕು.

ಆದರೆ ಬಾಟಲಿ ಬರೆದವರು ಜಾಣರು. ಮುಂದೆ, ನಗುವ ಪಾಪುವಿನ ಚಿತ್ರದ ಕೆಳಗೆ: ‘ನೂರಕ್ಕೆ ನೂರು ನೈಸರ್ಗಿಕ, ಮಕ್ಕಳಿರುವ ಮನೆಗೂ ಸುರಕ್ಷಿತ’. ಹಿಂದೆ, ನಕ್ಷತ್ರದ ನೆರೆಯಲ್ಲಿ: ‘ಮಕ್ಕಳ ಕೈಗೆ ಸಿಗದಂತೆ ಇಡಿ’.