ಒಲೆಗೆ ಹೋಗಬೇಕಿದ್ದ ಕಾಗದ

ಅಮೆರಿಕದ ಬರಹಗಾರ ಐಸಾಕ್ ಅಸಿಮೋವ್ ತಮ್ಮ ಕರಡುಗಳನ್ನು ಸುಟ್ಟುಹಾಕುತ್ತಿದ್ದರು. ಕೋಪದಿಂದಲ್ಲ, ವೈರಾಗ್ಯದಿಂದಲೂ ಅಲ್ಲ. ಕಾಗದ ಇಡುವ ಬೀರು ತುಂಬಿತ್ತು, ಅಷ್ಟೆ. ಮಾಂಸ ಸುಡುವುದಕ್ಕೆಂದು ಮನೆಯ ಹೊರಗೆ ಒಂದು ಒಲೆ ಇತ್ತು. ಪುಸ್ತಕ ಅಚ್ಚಾಗಿ ಕೈಗೆ ಬಂದ ಮೇಲೆ ಕರಡಿಗೇನು ಕೆಲಸ? ಹೋಗಲಿ ಒಲೆಗೆ. ಈ ಮನುಷ್ಯ ನನಗೆ ತುಂಬಾ ಇಷ್ಟವಾಗಿದ್ದೇ ಇಲ್ಲಿ. ಎಷ್ಟೋ ವರ್ಷದ ಕರೆಂಟ್ ಬಿಲ್ಲನ್ನೆಲ್ಲ ತಂತಿಗೆ ಚುಚ್ಚಿ ನೇತುಹಾಕುವ ಜನ ನಾವು. ನಮಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು?

ರೋಬಾಟ್ ಕತೆಗಳಿಂದ ಅವರ ಹೆಸರು ಗೊತ್ತಿರುವವರೇ ಜಾಸ್ತಿ. ಆದರೆ ಅವರು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದ ಮೇಷ್ಟ್ರು. ಬೈಬಲ್ ಬಗ್ಗೆ ಬರೆದರು, ಶೇಕ್ಸ್‌ಪಿಯರ್ ಬಗ್ಗೆ ಬರೆದರು. ಪತ್ತೇದಾರಿ ಕತೆ, ಇತಿಹಾಸ, ಮಕ್ಕಳಿಗೆ ವಿಜ್ಞಾನ, ಜೋಕುಗಳ ಸಂಗ್ರಹ. ಸಾಲದ್ದಕ್ಕೆ ಪೋಲಿ ಚುಟುಕಗಳು ಬೇರೆ! ಬರೆದದ್ದು, ಸಂಪಾದಿಸಿದ್ದು ಎಲ್ಲ ಸೇರಿ 500ಕ್ಕೂ ಹೆಚ್ಚು ಪುಸ್ತಕ. ಎಲ್ಲದರ ಕರಡೂ ಇಟ್ಟುಕೊಂಡರೆ ಮನೆಯವರು ಮಲಗೋದೆಲ್ಲಿ?

1960ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊವರ್ಡ್ ಗಾಟ್ಲೀಬ್ ಬಂದರು. ಬರಹಗಾರರ ಕಾಗದಪತ್ರ ಕೂಡಿಸುವುದೇ ಅವರ ಉದ್ಯೋಗ. ನಿಮ್ಮದನ್ನೂ ಕೊಡಿ ಎಂದು ಅಸಿಮೋವರನ್ನು ಕೇಳಿದರು. ಸುಡುವ ಸಂಗತಿ ತಿಳಿದು ಹೌಹಾರಿದರು. ಅಲ್ಲಿಂದ ಮುಂದೆ ಒಲೆಯ ಪಾಲಾಗುವುದೆಲ್ಲ ಗ್ರಂಥಾಲಯದ ಪಾಲಾಯಿತು. ಈಗ ಅಲ್ಲಿರುವುದು 464 ಪೆಟ್ಟಿಗೆ. ಸಾಲಾಗಿ ಜೋಡಿಸಿದರೆ 71 ಮೀಟರ್ ಕಪಾಟು.

ಇದೆಲ್ಲ ಯಾರಿಗೆ ಬೇಕು ಅಂತೀರಾ? ಕೇಳಿ. 1941ರಲ್ಲಿ ಅಸಿಮೋವ್ ‘ಬಿಗ್ ಗೇಮ್’ ಎಂಬ ಪುಟಾಣಿ ಕತೆ ಬರೆದಿದ್ದರು. ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ಅದು ಕಳೆದೇ ಹೋಯಿತು ಎಂದು 1972ರ ಒಂದು ಪುಸ್ತಕದಲ್ಲಿ ಬರೆದೂಬಿಟ್ಟರು. ಅಭಿಮಾನಿಯೊಬ್ಬ ಗ್ರಂಥಾಲಯದ ಪೆಟ್ಟಿಗೆಗಳನ್ನು ಜಾಲಾಡಿ ಅದನ್ನು ಹೊರಗೆಳೆದ! 1974ರಲ್ಲಿ ಕತೆ ಅಚ್ಚಾಯಿತು. ಬರೆದವರು ಅವರೇ, ಕಳೆದವರು ಅವರೇ, ಪೆಟ್ಟಿಗೆ ತುಂಬಿಸಿ ಕೊಟ್ಟವರೂ ಅವರೇ. ಹುಡುಕೋದಕ್ಕೆ ಮಾತ್ರ ಇನ್ನೊಬ್ಬ ಬರಬೇಕಾಯಿತು. ಯಾವುದು ರದ್ದಿ, ಯಾವುದು ಅಲ್ಲ ಅನ್ನುವ ಪ್ರಶ್ನೆಯನ್ನು ಮಾಲೀಕರ ಹತ್ತಿರ ಕೇಳಲೇಬಾರದೇನೋ.

ಪೆಟ್ಟಿಗೆಗಳಲ್ಲಿ ನನಗೆ ಆಸೆ ಇರುವುದು ಕತೆಗಳ ಮೇಲಲ್ಲ, ಪತ್ರಗಳ ಮೇಲೆ. ತೀರಿಕೊಂಡ ಅಣ್ಣನ ಪತ್ರಗಳನ್ನು ಪುಸ್ತಕ ಮಾಡಲು ಹೊರಟ ತಮ್ಮ ಸ್ಟ್ಯಾನ್ಲಿ ಒಂದು ಅಂದಾಜು ಹಾಕಿದ್ದರು. ಬಂದ ಪತ್ರ ಸುಮಾರು 1 ಲಕ್ಷ. ಅದರಲ್ಲಿ ನೂರಕ್ಕೆ 90ಕ್ಕೆ ಉತ್ತರ ಹೋಗಿದೆ. ಶಾಲೆ ಹುಡುಗರಿಗೂ, ಜಗಳಕ್ಕೆ ಬಂದವರಿಗೂ, ಸುಮ್ನೆ ಬರೆದವರಿಗೂ. ನಾವು ವಾಟ್ಸಾಪಿನಲ್ಲಿ ಒಂದು ಹೆಬ್ಬೆಟ್ಟು ಒತ್ತುವುದಕ್ಕೇ ಎರಡು ದಿನ ತೆಗೆದುಕೊಳ್ಳುತ್ತೇವೆ.

ಟೈಪ್ ಮಾಡಿದ ಕಾಗದಗಳ ಕಾರ್ಬನ್ ಪ್ರತಿ ಉಳಿದಿದೆ. ಆದರೆ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಬರೀ ಪೋಸ್ಟ್ ಕಾರ್ಡಿನಲ್ಲಿ. ಕಾರ್ಡಿಗೆ ಯಾರು ಕಾರ್ಬನ್ ಇಡುತ್ತಾರೆ? ಹಾಗಾಗಿ ಆ ಸಾವಿರಾರು ಕಾರ್ಡುಗಳು 464 ಪೆಟ್ಟಿಗೆಗಳಲ್ಲಿ ಎಲ್ಲೂ ಇಲ್ಲ. ಓದುಗರು ಬಿಸಾಡದೆ ಇಟ್ಟುಕೊಂಡಿದ್ದರೆ ಉಂಟು. ಹಾಗೆ ಉಳಿದವು ಈಗ ಮಾರಾಟಕ್ಕೆ ಬರುತ್ತವೆ. ಎರಡು ಸಾಲು, ಕೆಳಗೊಂದು ಸಹಿ. ಡಾಲರ್ ಎಣಿಸಿ ಕೊಳ್ಳುವವರೂ ಇದ್ದಾರೆ.