ತಲೆಯ ಮೇಲೊಂದು ಗೋಪುರ

ಏಪ್ರಿಲ್ ಬಂತೆಂದರೆ ನನ್ನ ಕಂಪ್ಯೂಟರ್ ಮಿಕ್ಸಿಯ ಹಾಗೆ ಅರಚತೊಡಗುತ್ತದೆ. ಪಕ್ಕದ ಕೋಣೆಯಲ್ಲಿದ್ದವರು ಚಟ್ನಿ ಯಾವಾಗ ಮುಗಿಯುತ್ತದೆ ಎಂದು ಕೇಳಬೇಕು, ಹಾಗೆ. ಕೊಂಡದ್ದು 2008ರಲ್ಲಿ. ಒಳಗಿರುವುದು ಕ್ಯೂ6600 ಎಂಬ ಪ್ರೊಸೆಸರ್, ನಾಲ್ಕು ಕೋರು ಎಂದರೆ ಆ ಕಾಲಕ್ಕೆ ನಾಲ್ಕು ಕುದುರೆ ಕಟ್ಟಿದ ಸಾರೋಟು. ಬೀದಿಗೆ ಬೀದಿಯೇ ಬಂದು ನೋಡಿತು ಎಂದರೆ ಸುಳ್ಳಾಗುತ್ತದೆ. ಎದುರುಮನೆಯವರು ಬಂದಿದ್ದರು.

"ಮಾವ, ಇದನ್ನು ಗುಜರಿಗೆ ಹಾಕಿ" ಎಂದ ಅಕ್ಕನ ಮಗ. ಅವನ ಲೆಕ್ಕದಲ್ಲಿ ಮೂರು ವರ್ಷ ದಾಟಿದ್ದೆಲ್ಲ ಗುಜರಿ. ನನಗೀಗ ಅರವತ್ತೊಂದು. ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಅಂದೇ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ ಹೋಗಿ, ಪ್ರೊಸೆಸರಿನ ಬಿಸಿ ಇಳಿಸುವ ದೊಡ್ಡದೊಂದು ಕೂಲರ್ ತಂದೆ. ಅದನ್ನು ಕೂರಿಸುವಾಗ ನನಗೊಂದು ಗಹನವಾದ ವಿಷಯ ಹೊಳೆಯಿತು. ಹೇಳುತ್ತೇನೆ.

ಮೊದಲು ಒಂದು ತಕರಾರು. ನನ್ನ ಮದರ್‌ಬೋರ್ಡಿನದು 775 ಎಂಬ ಸಾಕೆಟ್ಟು, ಅಂದರೆ ಪ್ರೊಸೆಸರ್ ಕೂರುವ ಪೀಠ, 2004ರಲ್ಲಿ ಬಂದ ಜಾತಿ. ಕೂಲರ್ ಬಿಗಿಯಲು ಅದರ ಸುತ್ತ ನಾಲ್ಕು ತೂತು. ಒಂದರಿಂದೊಂದಕ್ಕೆ 72 ಮಿಲಿಮೀಟರ್. ಮುಂದೆ 1366 ಬಂದಾಗ ಅದು 80 ಆಯಿತು. ಮರುವರ್ಷ 1156 ಬಂತು, 75 ಆಯಿತು. ಬಹುಕಾಲದ ಮೇಲೆ 1700 ಬಂದಾಗ 78! ಮೂರು ಮಿಲಿಮೀಟರಿನಲ್ಲಿ ಯಾವ ಮಹಾ ವಿಜ್ಞಾನ ಅಡಗಿದೆಯೋ, ಎಂಜಿನಿಯರುಗಳೇ ಬಲ್ಲರು. ಹಳೆಯ ಕೂಲರ್ ಹೊಸದಕ್ಕೆ ಕೂರಬಾರದು, ಹೊಸದು ಹಳೆಯದಕ್ಕೆ ಕೂರಬಾರದು, ಅಷ್ಟೇ ಎಂದು ನನ್ನ ಗುಮಾನಿ. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಸ್ಕ್ರೂಗಳೋ ಮೂರು ಪೊಟ್ಟಣ. ಒಂದೇ ತಾಯಿಯ ಮಕ್ಕಳಂತಿದ್ದವು.

ಹಳೆಯ ಕೂಲರನ್ನು ಹಿಡಿದಿದ್ದದ್ದು ನಾಲ್ಕು ಪ್ಲಾಸ್ಟಿಕ್ ಗೂಟ. ಬಾಣದ ಗುರುತಿದ್ದ ಕಡೆ ತಿರುಗಿಸಿ ಮೇಲಕ್ಕೆಳೆದರೆ ಬರಬೇಕು. ಮೂರು ಬಂದವು, ನಾಲ್ಕನೆಯದು ಕೈಯಲ್ಲೇ ಮುರಿಯಿತು. ಕೆಳಗಿನ, ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟು ಒಣಗಿ ವಿಭೂತಿಯಾಗಿತ್ತು. ಹೊಸದಕ್ಕೆ ಗೂಟ ಸಾಲದು. ಮುಕ್ಕಾಲು ಕಿಲೋ ತೂಕದ ಈ ಗೋಪುರ ಬೋರ್ಡನ್ನೇ ಬಗ್ಗಿಸೀತೆಂದು ಬೆನ್ನ ಹಿಂದಿನಿಂದ ಒಂದು ಲೋಹದ ಪಟ್ಟಿ ಕೊಡಬೇಕು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಅದಕ್ಕೆಂದೇ ಹಿಂದೆ ಕಿಂಡಿ ಇರುತ್ತದೆ. ನನ್ನದರಲ್ಲಿ ಇಲ್ಲ. ಅಂದರೆ ಇಡೀ ಮದರ್‌ಬೋರ್ಡು ಹೊರಗೆ ಬರಬೇಕು, ಹೊರಗೇ ಗೋಪುರ ಕಟ್ಟಬೇಕು, ಗೋಪುರ ಸಮೇತ ಮತ್ತೆ ಒಳಗೆ ಹೋಗಬೇಕು.

ಒಳಗೆ ಹೋಗಬೇಕು ಎಂದೊಡನೆ ನನಗೆ ನೆನಪಾದದ್ದು ಅಪ್ಪನ ಮಂಚ.

1978ರ ಸುಮಾರು. ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಅಪ್ಪನಿಗೆ ಯಾರೋ ಒಳ್ಳೆಯ ಹಲಸಿನ ಮರ ಕೊಟ್ಟರು. ಹೊರಗೆ ಮಳೆ ಹಿಡಿದಿದ್ದರಿಂದ ಆಚಾರಿಯವರು ನಮ್ಮ ಕೋಣೆಯೊಳಗೇ ಕೂತು ಹದಿನೈದು ದಿನ ಉಳಿ ಬಡಿದರು. ಕಳಚಿ ಜೋಡಿಸುವ ಹಾಗೆ ಮಾಡಿ ಎಂದು ಅಮ್ಮ ಹೇಳಿದ್ದಳು. "ಕಳಚುವ ಮಂಚ ಕಿರುಗುಟ್ಟುತ್ತದೆ ತಾಯಿ, ನಾನು ಮಾಡಿದ್ದು ಮಾತಾಡುವುದಿಲ್ಲ" ಎಂದು ಅವರು ಸಂದುಸಂದಿಗೂ ಬೆಣೆ ಹೊಡೆದು ಅಂಟು ಹಾಕಿದರು. ನಿಜವಾಗಿಯೂ ಮಾತಾಡಲಿಲ್ಲ. ನಾವು ನಾಲ್ಕು ಮಕ್ಕಳು ಅದರ ಮೇಲೆ ಕುಣಿದರೂ ತುಟಿ ಬಿಚ್ಚಲಿಲ್ಲ.

ಐದು ವರ್ಷಕ್ಕೆ ಚಿತ್ರದುರ್ಗಕ್ಕೆ ವರ್ಗವಾಯಿತು. ಲಾರಿ ಬಂತು. ಮಂಚ ಬಾಗಿಲಲ್ಲಿ ನಿಂತಿತು. ಅಡ್ಡ ಮಾಡಿದರು, ಉದ್ದ ಮಾಡಿದರು, ತಲೆಕೆಳಗು ಮಾಡಿದರು. ಬಾಗಿಲು ಎರಡೂವರೆ ಅಡಿ, ಅದರಾಚೆ ತಿರುವಿನ ಓಣಿ. ಲಾರಿಯವನು ಗರಗಸ ತರಲೇ ಎಂದ. ಅಪ್ಪ ಅವನನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲುವಾಡ ಕೀಳೋಣವೆಂದರೆ ಮನೆಯ ಮಾಲೀಕರು ಹೊಸ್ತಿಲಲ್ಲೇ ಕೂತುಬಿಟ್ಟರು. ಹಾಗಾದರೆ ಮಂಚದ ಬೆಲೆ ಕೊಡಿ ಎಂದರು ಅಪ್ಪ. ಮಂಚ ಇಟ್ಟ ಜಾಗದ ಬಾಡಿಗೆ ನೀವೇ ಕೊಡಿ ಎಂದರು ಅವರು. ಲಾರಿ ಮಂಚವಿಲ್ಲದೆ ಹೊರಟಿತು.

ಆಮೇಲೆ ಶಿವಮೊಗ್ಗದಲ್ಲಿ ಯಾವ ಮದುವೆಯಿರಲಿ, ಅಪ್ಪ ತಪ್ಪಿಸುತ್ತಿರಲಿಲ್ಲ. ಊಟ ಮುಗಿಸಿ ಆ ಮನೆಗೆ ಹೋಗಿ, "ಈ ಕಡೆ ಬಂದಿದ್ದೆ" ಎನ್ನುತ್ತಿದ್ದರು. ಬಾಡಿಗೆಯವರು ಮೂರು ಬಾರಿ ಬದಲಾದರು. ಪ್ರತಿಯೊಬ್ಬರೂ ಕಾಫಿ ಕೊಟ್ಟು ಮಂಚ ತೋರಿಸುತ್ತಿದ್ದರು. ಅಪ್ಪ ಅದರ ಅಂಚನ್ನೊಮ್ಮೆ ಸವರುತ್ತಿದ್ದರು. ಕೂರಿ ಎಂದರೆ ಕೂರುತ್ತಿರಲಿಲ್ಲ. ಒಮ್ಮೆ ಯಾರೋ ಅದರ ಮೇಲೆ ಅಕ್ಕಿಮೂಟೆ ಒಟ್ಟಿದ್ದರಂತೆ; ಅಂದು ಕಾಫಿ ಕುಡಿಯದೆ ಬಂದರು.

ಎಲ್ಲಿದ್ದೆ? ಕೂಲರ್. ಮಂಚದ ನೆನಪಿನಿಂದ ಎಚ್ಚೆತ್ತು, ಬೋರ್ಡು ಒಳಗೆ ಹಾಕುವ ಮೊದಲು ಎಲ್ಲವನ್ನೂ ಅಳೆದೆ. ರ‍್ಯಾಮಿನ ತಲೆ ಫ್ಯಾನಿಗೆ ಕಾಗದದೆಳೆಯಷ್ಟು ಅಂತರದಲ್ಲಿ ತಪ್ಪಿಸಿಕೊಂಡಿತು. ಗೋಪುರ ಸಮೇತ ಓರೆ ಮಾಡಿ, ಉಸಿರು ಹಿಡಿದು ಇಳಿಸಿದೆ, ಹೋಯಿತು. ಪವರ್ ಬಟನ್ನಿನ ಎರಡು ಬಡಕಲು ತಂತಿಗಳನ್ನು ಭೂತಗನ್ನಡಿ ಹಿಡಿದು ಸಿಕ್ಕಿಸಿದೆ. ಒತ್ತಿದೆ. ಸದ್ದೇ ಇಲ್ಲ. ಕೆಟ್ಟಿತೆಂದುಕೊಂಡು ಬಗ್ಗಿ ನೋಡಿದರೆ ಫ್ಯಾನು ತಿರುಗುತ್ತಿದೆ! ಮೊದಲು 82 ಡಿಗ್ರಿ ತೋರಿಸುತ್ತಿದ್ದದ್ದು 51ಕ್ಕೆ ಇಳಿದಿತ್ತು. ಅಕ್ಕನ ಮಗನಿಗೆ ಚಿತ್ರ ಕಳಿಸಿದೆ. ಅವನು ಹೆಬ್ಬೆರಳು ಕಳಿಸಿದ. ಮೂರು ದಿನದ ದುಡಿಮೆಗೆ ಒಂದು ಹೆಬ್ಬೆರಳು.

ಅಳೆಯದೆ ಬಿಟ್ಟದ್ದು ಒಂದೇ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು. ಗೋಪುರ ಹದಿನಾರು ಸೆಂಟಿಮೀಟರ್ ಎತ್ತರ. ಬಾಗಿಲು ಹಾಕಲು ಹೋದರೆ ಕಳಸ ಅಡ್ಡ ಬರುತ್ತದೆ, ಹೆಚ್ಚಿಲ್ಲ, ಒಂದು ಬೆರಳಿನಷ್ಟು. ಒತ್ತಿ ನೋಡಿದೆ, ಬೈದು ನೋಡಿದೆ. ಈಗ ಕಂಪ್ಯೂಟರ್ ಒಂದು ಪಕ್ಕ ತೆರೆದುಕೊಂಡೇ ನಿಂತಿದೆ.

ಗಹನವಾದದ್ದು ಹೊಳೆಯಿತೆಂದಿದ್ದೆನಲ್ಲ, ಅದನ್ನು ಬರೆಯಲೆಂದೇ ಕೂತಿದ್ದೆ. ಅಷ್ಟರಲ್ಲಿ ತಾರಸಿಯಿಂದ ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಆ ತಗಡಿನ ಬಾಗಿಲನ್ನು ಬಿಸಿಲಿಗೆ ಹಾಕಿ, ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟಿದ್ದಾಳೆ. ಕಪ್ಪು ತಗಡು, ಚೆನ್ನಾಗಿ ಕಾಯುತ್ತದೆ. ನಿನ್ನೆ ಇಟ್ಟದ್ದು ಇಂದಿಗೇ ಗರಿಗರಿಯಾಗಿದೆಯಂತೆ. ಆ ಕಡೆಯ ಬಾಗಿಲನ್ನೂ ಬಿಚ್ಚಿಕೊಡುವಿರಾ ಎಂದು ಕೇಳುತ್ತಿದ್ದಾಳೆ.